ಮಳೆಗಾಲಕ್ಕೆ ಪಝಲ್ ಆಟ ಹಾಕಿಕೊಳ್ಳುವ ಮುಂಚೆ ಮೆನು ತೆರೆದು ನೋಡಿ

ಕಂಪ್ಯೂಟರಿಗೆ ಯಾವ ಪಝಲ್ ಆಟ ಹಾಕಲಿ ಅಂತ ಕೇಳುವವರಿಗೆ ನಾನು ಹೇಳುವುದು ಒಂದೇ. ಚಿತ್ರ ನೋಡಿ ಮರುಳಾಗಬೇಡಿ, ಮೆನು ನೋಡಿ. ಸುಡೊಕು ಎಲ್ಲಿ ಆಡಿದರೂ ಸುಡೊಕುವೇ ಅಲ್ವಾ? ಮೈನ್ಸ್‌ವೀಪರ್ ಕೂಡ ಅಷ್ಟೇ. ವ್ಯತ್ಯಾಸ ಬೇರೆ ಕಡೆ ಇದೆ. ಅರ್ಧ ಆಡಿದ್ದು ನಾಳೆ ಸಿಗುತ್ತದಾ? ಮಗ ಬದಲಾಯಿಸಿದ ಸೆಟ್ಟಿಂಗ್ ಅಜ್ಜಿ ಆಡಲು ಕೂತಾಗ ಎದುರಾಗುತ್ತದಾ? ನಾನು ಒದ್ದಾಡುತ್ತಿರುವ ಇದೇ ಪಝಲ್ಲನ್ನು ಮೈಸೂರಿನಲ್ಲಿರುವ ತಂಗಿಗೆ ಕೊಡಬಹುದಾ? ಇಂಟರ್ನೆಟ್ ಇಲ್ಲದೆ ನಡೆಯುತ್ತದಾ?

ಕೊಡಗಿನಲ್ಲಿ ಈ ಪ್ರಶ್ನೆಗಳು ಸುಮ್ನೆ ಬಂದದ್ದಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಏನಾಗುತ್ತದೆ ಅಂತ ಎಲ್ಲರಿಗೂ ಗೊತ್ತು. ಲೈನ್ ಮೇಲೆ ಮರ ಬೀಳುತ್ತದೆ, ಕರೆಂಟು ಹೋಗುತ್ತದೆ, ಟವರ್ ಕೈಕೊಡುತ್ತದೆ, ಶಾಲೆಗೆ ರಜೆ ಸಿಗುತ್ತದೆ, ಮಕ್ಕಳು ಮನೆಯೊಳಗೆ. ಬಹಳಷ್ಟು ಮನೆಗಳಲ್ಲಿ ಕಂಪ್ಯೂಟರ್ ಇರುವುದು ಒಂದೇ; ತೋಟದ ಲೆಕ್ಕ ಅದರಲ್ಲೇ, ಹೋಂಸ್ಟೇ ಬುಕಿಂಗ್ ಅದರಲ್ಲೇ, ಮಕ್ಕಳ ಪ್ರಾಜೆಕ್ಟೂ ಅದರಲ್ಲೇ, ಮಧ್ಯೆ ಸಂದು ಸಿಕ್ಕಾಗ ಆಟ. ಒಬ್ಬರೇ ಆಡುವವರಿಗೆ ಯಾವ ಆಟವಾದರೂ ನಡೆಯುತ್ತದೆ. ನಾಲ್ಕು ಜನ ಒಂದೇ ಕೀಬೋರ್ಡ್ ಮುಂದೆ ಸರದಿಯಲ್ಲಿ ಕೂರುವ ಮನೆಗೆ ಹಾಗಾಗುವುದಿಲ್ಲ.

ಹೋಲಿಕೆಗೆ ನಾಲ್ಕು ಗುಂಪು ತೆಗೆದುಕೊಂಡಿದ್ದೇನೆ: ಸೈಮನ್ ಟ್ಯಾಥಮ್ ಅವರ ಪೋರ್ಟಬಲ್ ಪಝಲ್ ಕಲೆಕ್ಷನ್, ವಿಂಡೋಸ್ ಬದಲು ಬಳಸುವ ಲಿನಕ್ಸ್‌ನ ಗ್ನೋಮ್ ಆಟಗಳು, ಕೆಡಿಇ ಆಟಗಳು (ಗ್ನೋಮ್, ಕೆಡಿಇ ಎರಡೂ ಲಿನಕ್ಸ್‌ನ ಡೆಸ್ಕ್‌ಟಾಪ್‌ಗಳು), ಮತ್ತೆ ವಿಂಡೋಸ್ ಸ್ಟೋರಿನಲ್ಲಿ ಸಿಗುವ ಮೈಕ್ರೋಸಾಫ್ಟ್ ಆಟಗಳು. ನಾಲ್ಕಕ್ಕೂ ಒಂದೇ ಅಳತೆಯ ಜಾಗ ಕೊಡುವುದಿಲ್ಲ. ಮೊದಲನೆಯದರ ಮೆನುವಿನಲ್ಲಿ ಹೇಳಲು ವಿಷಯ ಜಾಸ್ತಿ ಇದೆ, ಕೊನೆಯದರಲ್ಲಿ ಕಡಿಮೆ.

ಟ್ಯಾಥಮ್ ಸಂಗ್ರಹ: ನೋಡಲು ಸಪ್ಪೆ, ಮೆನು ಗಟ್ಟಿ

ಸರ್ವರ್ ಕೆಲಸ ಮಾಡುವವರಿಗೆ ಪುಟ್ಟಿ ಅನ್ನುವ ಪ್ರೋಗ್ರಾಂ ಗೊತ್ತಿರುತ್ತದೆ. ಅದನ್ನು ಬರೆದವರೇ ಈ ಸಂಗ್ರಹವನ್ನೂ ಬರೆದದ್ದು. ಕೆಲಸದ ನಡುವೆ ಎರಡು ಮೂರು ನಿಮಿಷ ಬಿಡುವು ಸಿಕ್ಕರೆ ತೆರೆದು ಆಡಿ ಮುಚ್ಚುವಂಥ ಚಿಕ್ಕ ಆಟಗಳು ಬೇಕು ಅನ್ನಿಸಿ ಮಾಡಿದ್ದು ಅಂತ ಅವರೇ ಬರೆದುಕೊಂಡಿದ್ದಾರೆ. ಸುಡೊಕು ಇಲ್ಲಿ ‘ಸೋಲೋ’ ಅನ್ನುವ ಹೆಸರಿನಲ್ಲಿದೆ. ಮೈನ್ಸ್, ನೆಟ್, ಬ್ರಿಡ್ಜಸ್, ಲೂಪಿ, ಪ್ಯಾಟರ್ನ್, ಟೆಂಟ್ಸ್ ಹೀಗೆ ಸುಮಾರು ನಲವತ್ತು ಆಟಗಳಿವೆ. ದುಡ್ಡಿಲ್ಲ, ಜಾಹೀರಾತಿಲ್ಲ, ಲಾಗಿನ್ ಇಲ್ಲ. ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ನಡೆಯುತ್ತದೆ. ವಿಂಡೋಸ್‌ನಲ್ಲಿ ಒಂದೊಂದು ಆಟವೂ ಒಂದೊಂದು ಚಿಕ್ಕ ಫೈಲು. ಪೆನ್‌ಡ್ರೈವ್‌ಗೆ ಹಾಕಿಕೊಂಡು ಪಕ್ಕದ ಮನೆಗೆ ಹೋಗಿ ಓಪನ್ ಮಾಡಿದರೂ ಆಡಬಹುದು.

ಇದರಲ್ಲಿ ನನಗೆ ಇಷ್ಟವಾಗುವುದು ಏನೆಂದರೆ, ಒಂದು ಆಟದ ಮೆನು ಕಲಿತರೆ ಎಲ್ಲ ಆಟದ ಮೆನುವೂ ಬಂತು. ‘ಗೇಮ್’ ಮೆನುವಿನಲ್ಲಿ ಹೊಸ ಆಟ, ರೀಸ್ಟಾರ್ಟ್, ಲೋಡ್, ಸೇವ್, ಅಂಡೂ, ರೀಡೂ, ಸಾಲ್ವ್. ‘ಟೈಪ್’ ಮೆನುವಿನಲ್ಲಿ ಸೈಜ್ ಮತ್ತು ಕಷ್ಟದ ಮಟ್ಟ. ಯಾವ ಆಟಕ್ಕೆ ಹೋದರೂ ಇದೇ ಜಾಗ, ಇದೇ ಹೆಸರು. ಅಂಡೂಗೆ ಮಿತಿ ಇಲ್ಲ, ಮೊದಲ ನಡೆವರೆಗೂ ಹಿಂದೆ ಹೋಗಬಹುದು. ಸೇವ್ ಮಾಡಿದ ಫೈಲಿನೊಳಗೆ ನೀವು ಇಟ್ಟ ನಡೆಗಳೆಲ್ಲ ಕೂತಿರುತ್ತವೆ. ಅಂದರೆ ನಾಳೆ ಲೋಡ್ ಮಾಡಿದ ಮೇಲೂ ಇವತ್ತಿನ ನಡೆಯನ್ನು ಅಂಡೂ ಮಾಡಬಹುದು. ಇದು ಎಲ್ಲ ಆಟಗಳಲ್ಲಿ ಸಿಗುವ ಸೌಲಭ್ಯ ಅಲ್ಲ.

ಮೈನ್ಸ್ ಬಗ್ಗೆ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಹಳೆ ವಿಂಡೋಸ್‌ನಲ್ಲಿ ಮೈನ್ಸ್‌ವೀಪರ್ ಆಡಿದವರಿಗೆ ಕೊನೆಯಲ್ಲಿ ಎರಡು ಚೌಕ ಉಳಿದು, ಯಾವುದರಲ್ಲಿ ಬಾಂಬು ಅಂತ ಕಣ್ಣುಮುಚ್ಚಿ ಒತ್ತಿದ ಸಂಕಟ ನೆನಪಿರುತ್ತದೆ. ಇಲ್ಲಿ ಮೊದಲ ಕ್ಲಿಕ್ ಯಾವಾಗಲೂ ಸುರಕ್ಷಿತ. ಜೊತೆಗೆ ಊಹೆ ಇಲ್ಲದೆ, ಬರೀ ಯೋಚನೆಯಿಂದಲೇ ಪೂರ್ತಿ ಬಿಡಿಸಬಹುದಾದ ಚೌಕವನ್ನೇ ಪ್ರೋಗ್ರಾಂ ಹುಟ್ಟಿಸುತ್ತದೆ. ಊಹೆ ಬೇಕೇ ಬೇಕು ಅನ್ನುವವರು ‘ಟೈಪ್’ನ ಕಸ್ಟಮ್‌ಗೆ ಹೋಗಿ ಆ ಟಿಕ್ ತೆಗೆಯಬಹುದು, ಯಾಕೆ ತೆಗೆಯುತ್ತಾರೋ ನನಗಂತೂ ಅರ್ಥವಾಗುವುದಿಲ್ಲ. ಬಾಂಬು ಸಿಡಿದರೂ ಅಂಡೂ ಒತ್ತಿ ಮುಂದುವರಿಸಬಹುದು, ಆದರೆ ಎಷ್ಟು ಸಲ ಸತ್ತಿರಿ ಅನ್ನುವ ಲೆಕ್ಕ ಮಾತ್ರ ಕೆಳಗೆ ಹಾಗೇ ಉಳಿಯುತ್ತದೆ. ಅದನ್ನು ಅಂಡೂ ಮಾಡಲು ಆಗುವುದಿಲ್ಲ!

ಈಗ ಕೊರತೆಗಳು. ಇವನ್ನು ಮೊದಲೇ ತಿಳಿದುಕೊಂಡರೆ ಬೇಜಾರಾಗುವುದಿಲ್ಲ.

ಮೊದಲನೆಯದು, ಮುಚ್ಚುವಾಗ ಇದು ಏನನ್ನೂ ಕೇಳುವುದಿಲ್ಲ, ತಾನಾಗಿ ಸೇವ್ ಕೂಡ ಮಾಡುವುದಿಲ್ಲ. ಕ್ಯೂ ಕೀ ಒಂದನ್ನೇ ಒತ್ತಿದರೆ ಆಟ ಮುಚ್ಚಿಹೋಗುತ್ತದೆ. ಎನ್ ಒತ್ತಿದರೆ ಹೊಸ ಆಟ. ಪಕ್ಕದಲ್ಲಿ ಚಿಕ್ಕ ಮಗು ಕೂತು ಕೀಬೋರ್ಡ್ ಬಡಿಯುತ್ತಿದ್ದರೆ ನಿಮ್ಮ ಸುಡೊಕು ಮುಗಿದ ಹಾಗೆ. ಹೊಸ ವರ್ಷನ್‌ಗಳಲ್ಲಿ ‘ಗೇಮ್’ ಮೆನುವಿನಲ್ಲಿ ಪ್ರಿಫರೆನ್ಸಸ್ ಅಂತ ಒಂದು ಸೇರಿದೆ. ಅಲ್ಲಿ ಈ ಒಂಟಿ ಕೀಗಳನ್ನು ನಿಲ್ಲಿಸುವ ಆಯ್ಕೆ ಇದೆ. ನಿಲ್ಲಿಸಿದ ಮೇಲೆ ಕಂಟ್ರೋಲ್ ಜೊತೆ ಒತ್ತಿದರೆ ಮಾತ್ರ ಕೆಲಸ ಮಾಡುತ್ತವೆ. ಈ ಆಯ್ಕೆ ಎಲ್ಲ ಆಟಗಳಲ್ಲೂ ಇದೆ, ಆದರೆ ಮನೆಯವರು ಆಡುವ ಒಂದೊಂದು ಆಟವನ್ನೂ ಒಮ್ಮೆ ತೆರೆದು, ಟಿಕ್ ಬಿದ್ದಿದೆಯಾ ನೋಡಿಬಿಡಿ. ಒಂದರಲ್ಲಿ ಹಾಕಿದ್ದು ಎಲ್ಲದಕ್ಕೂ ಆಯಿತು ಅಂತ ನಂಬಿಕೊಂಡು ಕೂರಬೇಡಿ.

ಎರಡನೆಯದು, ‘ಟೈಪ್’ನಲ್ಲಿ ಆರಿಸಿದ್ದು ಮುಂದಿನ ಸಲಕ್ಕೆ ನೆನಪಿರುವುದಿಲ್ಲ. ಪ್ರಿಫರೆನ್ಸಸ್‌ನಲ್ಲಿ ಹಾಕಿದ್ದು ಡಿಸ್ಕ್‌ನಲ್ಲಿ ಉಳಿಯುತ್ತದೆ, ಟೈಪ್ ಉಳಿಯುವುದಿಲ್ಲ. ಈ ಎರಡರ ವ್ಯತ್ಯಾಸ ಗೊತ್ತಿಲ್ಲದೆ ತುಂಬಾ ಜನ ಸೆಟ್ಟಿಂಗ್ ನಿಲ್ಲುವುದೇ ಇಲ್ಲ ಅಂತ ಬೈಯುತ್ತಾರೆ. ಇದಕ್ಕೆ ಒಳ್ಳೆಯ ದಾರಿ ಇದೆ, ಕೆಳಗೆ ಹೇಳುತ್ತೇನೆ.

ಮೂರನೆಯದು, ಮೆನು ಇಂಗ್ಲಿಷಿನಲ್ಲೇ ಇದೆ. ಬಣ್ಣ ಬದಲಾಯಿಸುವ ಮೆನು, ಥೀಮು, ಸಂಗೀತ ಯಾವುದೂ ಇಲ್ಲ. ಹೈಸ್ಕೋರ್ ಪಟ್ಟಿಯೂ ಇಲ್ಲ. ನಿಮಿಷ ಎಣಿಸುವುದು ಮೈನ್ಸ್ ಒಂದರಲ್ಲೇ. ಅಣ್ಣ ತಮ್ಮ ಯಾರು ಬೇಗ ಮುಗಿಸಿದರು ಅಂತ ಜಗಳ ಆಡಲೇಬೇಕು ಅಂದರೆ ಕೈಗಡಿಯಾರ ಇಟ್ಟುಕೊಳ್ಳಬೇಕು.

ಒಂದೇ ಪಝಲ್ ಇಬ್ಬರಿಗೆ: ಸೀಡ್ ಕೊಡಬೇಕಾ, ಸ್ಪೆಸಿಫಿಕ್ ಕೊಡಬೇಕಾ?

ನಂಬರ್ ಹೇಳಿ ಆಟ ಹಂಚಿಕೊಳ್ಳುವುದು ಹಳೆಯ ಅಭ್ಯಾಸವೇ. ವಿಂಡೋಸ್ 95ರ ಫ್ರೀಸೆಲ್‌ನಲ್ಲಿ 1ರಿಂದ 32,000ದವರೆಗೆ ನಂಬರ್ ಇತ್ತು. ಒಂದೇ ನಂಬರ್ ಹಾಕಿದವರಿಗೆ ಒಂದೇ ಇಸ್ಪೀಟ್ ಬೀಳುತ್ತಿತ್ತು. ಅದರಲ್ಲಿ 11982ನೇ ಆಟವನ್ನು ಬಿಡಿಸಲು ಸಾಧ್ಯವೇ ಇಲ್ಲ. ಆಗದವರಿಗೆ ಅದನ್ನು ಕೊಟ್ಟು ಮಜಾ ನೋಡುವವರೂ ಇದ್ದರು.

ಟ್ಯಾಥಮ್ ಸಂಗ್ರಹದಲ್ಲಿ ಇದಕ್ಕೆ ಎರಡು ದಾರಿ. ‘ಗೇಮ್’ ಮೆನುವಿನ ‘ಸ್ಪೆಸಿಫಿಕ್’ ಮತ್ತು ‘ರ‍್ಯಾಂಡಮ್ ಸೀಡ್’. ಯಾವುದನ್ನು ಒತ್ತಿದರೂ ಒಂದು ಸಾಲು ಅಕ್ಷರ ತೋರಿಸುತ್ತದೆ. ಆ ಸಾಲನ್ನು ಇನ್ನೊಬ್ಬರು ತಮ್ಮ ಕಂಪ್ಯೂಟರಿನಲ್ಲಿ ಅದೇ ಜಾಗದಲ್ಲಿ ಹಾಕಿದರೆ ಅದೇ ಪಝಲ್ ಬರುತ್ತದೆ. ಹಾಗಾದರೆ ಎರಡು ಯಾಕೆ?

ಸ್ಪೆಸಿಫಿಕ್ ಅಂದರೆ ಆ ಚೌಕದ ಪೂರ್ತಿ ವಿವರ. ಯಾವ ಮನೆಯಲ್ಲಿ ಏನಿದೆ ಅಂತ ಒಂದೊಂದಾಗಿ ಬರೆದ ಹಾಗೆ. ನಡುವೆ ಕೋಲನ್ ಚಿಹ್ನೆ ಇರುತ್ತದೆ. ಉದ್ದ ಜಾಸ್ತಿ. ಆದರೆ ನಿಮ್ಮಲ್ಲಿ ಹಳೆ ವರ್ಷನ್, ಅವರಲ್ಲಿ ಹೊಸ ವರ್ಷನ್ ಇದ್ದರೂ ಕೆಲಸ ಮಾಡುತ್ತದೆ.

ರ‍್ಯಾಂಡಮ್ ಸೀಡ್ ಅಂದರೆ ಪಝಲ್ ಹುಟ್ಟಿಸಲು ಕೊಟ್ಟ ಬೀಜ. ನಡುವೆ # ಚಿಹ್ನೆ. ಚಿಕ್ಕದು. ಕೆಲವು ಅಂಕಿ ಅಷ್ಟೇ. ಪ್ರೋಗ್ರಾಂ ಅದರಿಂದ ಪಝಲ್ಲನ್ನು ಮತ್ತೆ ಮೊದಲಿಂದ ಹುಟ್ಟಿಸುತ್ತದೆ. ಹಾಗಾಗಿ ಹುಟ್ಟಿಸುವ ರೀತಿ ಬದಲಾದ ಬೇರೆ ವರ್ಷನ್‌ನಲ್ಲಿ ಅದೇ ಬೀಜಕ್ಕೆ ಬೇರೆಯೇ ಪಝಲ್ ಬರಬಹುದು.

ವಾಟ್ಸಾಪ್ ನಡೆಯುತ್ತಿದ್ದರೆ ಸ್ಪೆಸಿಫಿಕ್ ಕಾಪಿ ಮಾಡಿ ಕಳಿಸಿ, ಯೋಚನೆಯೇ ಬೇಡ. ನೆಟ್ ಇಲ್ಲ, ಬರೀ ಕಾಲ್ ಮಾತ್ರ ಸಿಗುತ್ತಿದೆ, ಅದೂ ಗೇಟಿನ ಹತ್ತಿರ ನಿಂತರೆ ಮಾತ್ರ ಅನ್ನುವ ಮನೆಗಳಿಗೆ ಸೀಡ್ ವಾಸಿ. ಬಾಯಲ್ಲಿ ಹೇಳಿ ಬರೆದುಕೊಳ್ಳಬಹುದು. ಸ್ಪೆಸಿಫಿಕ್ ಸಾಲನ್ನು ಫೋನಿನಲ್ಲಿ ಓದಿ ಹೇಳಲು ಹೋದರೆ ಇಬ್ಬರಿಗೂ ಸಿಟ್ಟು ಬರುವುದು ಖಂಡಿತ.

ಸೀಡ್ ಜಾಗದಲ್ಲಿ ಅಂಕಿಯೇ ಇರಬೇಕಂತಿಲ್ಲ. ಯಾವ ಪದವನ್ನಾದರೂ ಹಾಕಬಹುದು. ಕೊಡಗಿನ ಸುಗ್ಗಿ ಹಬ್ಬ ಪುತ್ತರಿಗೆ ಊರಿಗೆ ಬರಲು ಆಗದ ಅಣ್ಣ ತಂಗಿಯರು ಮೊದಲೇ ಮಾತಾಡಿಕೊಂಡು, ಒಂದೇ ಟೈಪ್ ಆರಿಸಿ, ಸೀಡ್ ಜಾಗದಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ‘ಪುತ್ತರಿ’ ಅಂತ ಹೊಡೆದರೆ ಮಡಿಕೇರಿಯಲ್ಲೂ ಬೆಂಗಳೂರಿನಲ್ಲೂ ಒಂದೇ ಚೌಕ ತೆರೆಯುತ್ತದೆ. ವರ್ಷನ್ ಒಂದೇ ಇರಬೇಕು, ಟೈಪ್ ಒಂದೇ ಇರಬೇಕು, ಸ್ಪೆಲಿಂಗ್ ಒಂದೇ ಇರಬೇಕು. ಪುತ್ತರಿಯನ್ನು ಹುತ್ತರಿ ಅನ್ನುವವರೂ ಇದ್ದಾರಲ್ಲ, ಅದನ್ನೂ ಮೊದಲೇ ತೀರ್ಮಾನ ಮಾಡಿಕೊಳ್ಳಿ. ಶಾಲೆಯ ಲ್ಯಾಬಿಗೂ ಇದು ಚೆನ್ನಾಗಿ ಹೊಂದುತ್ತದೆ. ಟೀಚರ್ ಬೋರ್ಡ್ ಮೇಲೆ ಒಂದು ಪದ ಬರೆದರೆ ಸಾಕು, ಇಡೀ ಕ್ಲಾಸಿಗೆ ಒಂದೇ ಪಝಲ್. ಲ್ಯಾಬಿನ ಕಂಪ್ಯೂಟರುಗಳಲ್ಲಿ ಸಾಮಾನ್ಯವಾಗಿ ಒಂದೇ ವರ್ಷನ್ ಇರುವುದರಿಂದ ತೊಂದರೆ ಬರುವುದಿಲ್ಲ.

ಇನ್ನೊಂದು ಸೂಕ್ಷ್ಮ ಇದೆ. ಸೀಡ್ ಸಾಲಿನಲ್ಲಿ # ಚಿಹ್ನೆಗೆ ಮೊದಲು ಬರುವ ತುಣುಕಿನಲ್ಲಿ ಸೈಜ್, ಕಷ್ಟದ ಮಟ್ಟ ಎಲ್ಲ ಇರುತ್ತದೆ. ಸ್ಪೆಸಿಫಿಕ್ ಸಾಲಿನಲ್ಲಿ ಕಷ್ಟದ ಮಟ್ಟ ಇರುವುದಿಲ್ಲ, ಚೌಕ ಮಾತ್ರ. ಯಾರೋ ಕಳಿಸಿದ ಕಷ್ಟದ ಸುಡೊಕುವನ್ನು ಸ್ಪೆಸಿಫಿಕ್‌ನಿಂದ ತೆರೆದು ಮುಗಿಸಿ ಹೊಸ ಆಟ ಒತ್ತಿದರೆ ಅಷ್ಟೇ ಕಷ್ಟದ್ದು ಬರುತ್ತದೆ ಅಂತ ಕಾಯಬೇಡಿ.

ಒಬ್ಬೊಬ್ಬರಿಗೆ ಒಂದೊಂದು ಶಾರ್ಟ್‌ಕಟ್

ಟೈಪ್ ನೆನಪಿರುವುದಿಲ್ಲ ಅಂದೆನಲ್ಲ, ಅದಕ್ಕೆ ದಾರಿ ಇದು. ಬೇಕಾದ ಟೈಪ್ ಆರಿಸಿ ಒಂದು ಹೊಸ ಆಟ ತೆರೆಯಿರಿ. ರ‍್ಯಾಂಡಮ್ ಸೀಡ್‌ಗೆ ಹೋಗಿ. # ಚಿಹ್ನೆಗೆ ಮೊದಲು ಇರುವ ತುಣುಕನ್ನು ಮಾತ್ರ ಕಾಪಿ ಮಾಡಿ. ಈಗ ಡೆಸ್ಕ್‌ಟಾಪ್‌ನಲ್ಲಿ ಆ ಆಟದ ಶಾರ್ಟ್‌ಕಟ್ ಮಾಡಿ, ಅದರ ಪ್ರಾಪರ್ಟೀಸ್‌ನಲ್ಲಿ ‘ಟಾರ್ಗೆಟ್’ ಅನ್ನುವ ಸಾಲಿನ ಕೊನೆಗೆ ಒಂದು ಸ್ಪೇಸ್ ಬಿಟ್ಟು ಆ ತುಣುಕನ್ನು ಅಂಟಿಸಿ. ಉದ್ಧರಣ ಚಿಹ್ನೆ ಇದ್ದರೆ ಅದರ ಹೊರಗೆ. ಇನ್ನು ಆ ಶಾರ್ಟ್‌ಕಟ್ ಒತ್ತಿದಾಗೆಲ್ಲ ಅದೇ ಸೈಜ್, ಅದೇ ಮಟ್ಟದ ಹೊಸ ಪಝಲ್ ತೆರೆಯುತ್ತದೆ. ಲಿನಕ್ಸ್‌ನಲ್ಲೂ ಕಮಾಂಡಿನ ಕೊನೆಗೆ ಹೀಗೇ ಸೇರಿಸಬಹುದು.

ಶಾರ್ಟ್‌ಕಟ್‌ಗೆ ‘ಅಜ್ಜಿಯ ಸುಡೊಕು’, ‘ಚಿಕ್ಕವನ ಸುಡೊಕು’ ಅಂತ ಕನ್ನಡದಲ್ಲೇ ಹೆಸರಿಡಿ. ಮೆನು ಇಂಗ್ಲಿಷಿನಲ್ಲಿದೆ ಅನ್ನುವ ಕೊರತೆ ಅರ್ಧ ಇಲ್ಲೇ ಕಳೆಯಿತು. ಅಜ್ಜಿ ಟೈಪ್ ಮೆನು ಮುಟ್ಟಬೇಕಾಗಿಯೇ ಇಲ್ಲ. ಯಾರು ಏನು ಬದಲಾಯಿಸಿದರೂ ಅವರ ಶಾರ್ಟ್‌ಕಟ್ ಅವರದ್ದೇ ಆಗಿರುತ್ತದೆ. ಹಾಗಾಗಿ ಟೈಪ್ ನೆನಪಿಟ್ಟುಕೊಳ್ಳದ ಗುಣ ಹಂಚಿಕೊಂಡ ಕಂಪ್ಯೂಟರಿಗೆ ಒಳ್ಳೆಯದೇ ಅಂತ ನನ್ನ ಅಭಿಪ್ರಾಯ. ನೆನಪಿಟ್ಟುಕೊಳ್ಳುವ ಆಟಗಳಲ್ಲಿ ಕೊನೆಗೆ ಆಡಿದವರ ಇಷ್ಟವೇ ಮುಂದಿನವರಿಗೂ ಬರುತ್ತದೆ.

ಗ್ನೋಮ್: ಹಿರಿಯರಿಗೆ ಇದೇ ಸರಿ

ಉಬುಂಟು ಅನ್ನುವ ಲಿನಕ್ಸ್ ಬಳಸುವವರಿಗೆ ಗ್ನೋಮ್ ಸುಡೊಕು, ಗ್ನೋಮ್ ಮೈನ್ಸ್, ಮಹ್ಜಾಂಗ್ (ಬಿಲ್ಲೆಗಳನ್ನು ಜೋಡಿ ಮಾಡಿ ತೆಗೆಯುವ ಆಟ) ಸುಲಭವಾಗಿ ಸಿಗುತ್ತವೆ. ಇಲ್ಲಿ ಮೆನು ಪಟ್ಟಿ ಇಲ್ಲ. ಮೇಲೆ ಮೂರು ಗೆರೆಯ ಒಂದು ಬಟನ್, ಅದರೊಳಗೆ ಎಲ್ಲ. ಆಯ್ಕೆಗಳು ಕಡಿಮೆ. ಕಡಿಮೆ ಇರುವುದೇ ಕೆಲವರಿಗೆ ಅನುಕೂಲ.

ಟ್ಯಾಥಮ್‌ನ ಸೋಲೋದಲ್ಲಿ ಮನೆಯ ಮೇಲೆ ಕ್ಲಿಕ್ ಮಾಡಿ ಕೀಬೋರ್ಡಿನಿಂದ ಅಂಕಿ ಒತ್ತಬೇಕು. ಅಂದಾಜಿಗೆ ಚಿಕ್ಕದಾಗಿ ಬರೆದಿಡುವ ಪೆನ್ಸಿಲ್ ಗುರುತಿಗೆ ರೈಟ್ ಕ್ಲಿಕ್. ಕಣ್ಣು ಮಂಜಾದವರಿಗೆ ಮೌಸ್, ಕೀಬೋರ್ಡ್, ಸ್ಕ್ರೀನ್ ಅಂತ ಮೂರು ಕಡೆ ನೋಡುವುದು ಕಷ್ಟ. ಗ್ನೋಮ್ ಸುಡೊಕುವಿನಲ್ಲಿ ಮನೆಯನ್ನು ಒತ್ತಿದರೆ ಅಲ್ಲೇ ಅಂಕಿಗಳು ತೆರೆಯುತ್ತವೆ, ಮೌಸ್ ಒಂದರಲ್ಲೇ ಆಟ ಮುಗಿಸಬಹುದು. ಅರ್ಧಕ್ಕೆ ಮುಚ್ಚಿದರೆ ಅದೇ ಉಳಿಸಿಕೊಂಡು ಮುಂದಿನ ಸಲ ಅಲ್ಲಿಂದಲೇ ಶುರು ಮಾಡುತ್ತದೆ. ಆದರೆ ಇದು ವಿಂಡೋವನ್ನು ಸರಿಯಾಗಿ ಮುಚ್ಚಿದಾಗಿನ ಮಾತು. ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್‌ನಲ್ಲಿ ಕರೆಂಟು ದಢಕ್ಕನೆ ಹೋದಾಗಲೂ ಉಳಿಯುತ್ತದೆ ಅಂತ ನೆಚ್ಚಿಕೊಳ್ಳಬೇಡಿ. ಸಿಸ್ಟಮ್ ಭಾಷೆಯನ್ನು ಕನ್ನಡ ಮಾಡಿಕೊಂಡರೆ ಗ್ನೋಮ್ ಮೆನುಗಳು ಒಂದಷ್ಟು ಕನ್ನಡಕ್ಕೆ ಬರುತ್ತವೆ, ಉಳಿದದ್ದು ಇಂಗ್ಲಿಷಿನಲ್ಲೇ ಇರುತ್ತದೆ. ಅರ್ಧಂಬರ್ಧ ನೋಡಿ ತಲೆಕೆಡುವವರು ಇಂಗ್ಲಿಷಿನಲ್ಲೇ ಇರಲಿ ಬಿಡಿ.

ಸೆಟ್ಟಿಂಗ್‌ಗಳು ಲಾಗಿನ್ ಆದ ಬಳಕೆದಾರರ ಹೆಸರಿಗೆ ಸೇರಿಕೊಳ್ಳುತ್ತವೆ. ಎಲ್ಲರೂ ಒಂದೇ ಹೆಸರಿನಲ್ಲಿ ಲಾಗಿನ್ ಆದರೆ ಎಲ್ಲರಿಗೂ ಒಂದೇ ಸೆಟ್ಟಿಂಗ್, ಒಂದೇ ಅರ್ಧ ಆಟ. ಅಜ್ಜಿಯ ಆಟವನ್ನು ಮೊಮ್ಮಗ ಮುಗಿಸಿಟ್ಟರೆ ಯಾರನ್ನು ಕೇಳುವುದು?

ಕೆಡಿಇ: ಮೆನು ದೊಡ್ಡದು, ಜಿಗ್‌ಸಾ ಚೆನ್ನಾಗಿದೆ

ಕೆಡಿಇ ಆಟಗಳಲ್ಲಿ ಹಳೆ ಶೈಲಿಯ ಮೆನು ಪಟ್ಟಿ ಇರುತ್ತದೆ. ‘ಗೇಮ್’, ‘ಮೂವ್’, ‘ಸೆಟ್ಟಿಂಗ್ಸ್’, ‘ಹೆಲ್ಪ್’. ಸುಳಿವು ಬೇಕಾದರೆ ‘ಹಿಂಟ್’ ಇದೆ. ಸೆಟ್ಟಿಂಗ್ಸ್‌ನಲ್ಲಿ ಕೀಬೋರ್ಡ್ ಶಾರ್ಟ್‌ಕಟ್‌ಗಳನ್ನೇ ನಮಗೆ ಬೇಕಾದ ಹಾಗೆ ಬದಲಾಯಿಸಬಹುದು, ಥೀಮ್ ಬದಲಾಯಿಸಬಹುದು. ಕೆಲವು ಆಟಗಳು ಒಂದೇ ಚಿತ್ರಗಳ ಸೆಟ್ ಬಳಸುತ್ತವೆ; ಉದಾಹರಣೆಗೆ ಕೆಮಹ್ಜಾಂಗ್ ಮತ್ತು ಕೆಶಿಸೆನ್ ಎರಡಕ್ಕೂ ಬಿಲ್ಲೆಗಳು ಒಂದೇ ಕಡೆಯಿಂದ ಬರುತ್ತವೆ. ಇಸ್ಪೀಟ್ ಆಟ ಕೆಪ್ಯಾಟ್ ಮತ್ತು ಕೆಮಹ್ಜಾಂಗ್‌ನಲ್ಲಿ ನಂಬರ್ ಹಾಕಿ ಆಟ ತೆರೆಯುವ ಸೌಲಭ್ಯವೂ ಇದೆ. ಹೈಸ್ಕೋರ್ ಬೇಕು ಅನ್ನುವ ಹುಡುಗರಿಗೆ ಕೆಡಿಇಯ ಮೈನ್ಸ್‌ವೀಪರ್ ಆದ ಕೆಮೈನ್ಸ್ ಕೊಟ್ಟುಬಿಡಿ.

ಕೆಡಿಇಯಲ್ಲಿ ನಾನು ನಿಜವಾಗಿ ಶಿಫಾರಸು ಮಾಡುವುದು ಪಾಲಪೆಲಿ. ಜಿಗ್‌ಸಾ ಆಟ. ನಿಮ್ಮದೇ ಫೋಟೋ ಕೊಟ್ಟು, ಎಷ್ಟು ತುಂಡು ಬೇಕು ಹೇಳಿದರೆ ಕತ್ತರಿಸಿ ಕೊಡುತ್ತದೆ. ಮಾರ್ಚ್‌ನಲ್ಲಿ ತೆಗೆದ ಕಾಫಿ ಹೂವಿನ ಫೋಟೋ ಕೊಟ್ಟು ನೋಡಿ. ಇಡೀ ತೋಟ ಬೆಳ್ಳಗೆ, ಎಲ್ಲ ತುಂಡೂ ಒಂದೇ ಥರ, ದೊಡ್ಡವರೂ ಸೋಲುತ್ತಾರೆ. ಮಕ್ಕಳಿಗೆ ಮನೆ ನಾಯಿಯ ಫೋಟೋ, ತುಂಡು ಕಡಿಮೆ. ಮಾಡಿದ ಪಝಲ್ಲನ್ನು ಒಂದು ಫೈಲಾಗಿ ಎಕ್ಸ್‌ಪೋರ್ಟ್ ಮಾಡಿ ಬೇರೆಯವರಿಗೆ ಕೊಡಬಹುದು, ಅವರು ಇಂಪೋರ್ಟ್ ಮಾಡಿಕೊಂಡರೆ ಆಯಿತು.

ಮಳೆಗಾಲಕ್ಕೆ ಇದರ ದೊಡ್ಡ ಗುಣ ಬೇರೆ. ನೀವು ಸರಿಸಿದ ಒಂದೊಂದು ತುಂಡಿನ ಜಾಗವೂ ಆಗಿಂದಾಗ್ಗೆ ಡಿಸ್ಕ್‌ಗೆ ಹೋಗುತ್ತದೆ. ಸೇವ್ ಒತ್ತುವ ಕೆಲಸವೇ ಇಲ್ಲ. ಕರೆಂಟಿನ ವಿಷಯದಲ್ಲಿ ನಾಲ್ಕು ಗುಂಪಿನಲ್ಲೂ ಇದಕ್ಕೇ ನನ್ನ ಮೊದಲ ಸ್ಥಾನ. ಮೇಜಿನ ಮೇಲೆ ಹರಡಿದ ನಿಜವಾದ ಜಿಗ್‌ಸಾವನ್ನು ಬೆಕ್ಕು ಚೆಲ್ಲಾಪಿಲ್ಲಿ ಮಾಡುವ ಹಾಗೆ ಇದನ್ನು ಯಾರೂ ಮಾಡಲಾರರು, ಒಂದೇ ಲಾಗಿನ್ ಬಳಸುವ ತಮ್ಮನನ್ನು ಬಿಟ್ಟರೆ.

ವಿಂಡೋಸ್ ಸ್ಟೋರಿನ ಆಟಗಳು

ಹಿಂದೆ ಸಾಲಿಟೇರ್, ಮೈನ್ಸ್‌ವೀಪರ್ ವಿಂಡೋಸ್ ಜೊತೆಗೇ ಬರುತ್ತಿದ್ದವು. ವಿಂಡೋಸ್ 3.0 ಜೊತೆ 1990ರಲ್ಲಿ ಸಾಲಿಟೇರ್, 3.1 ಜೊತೆ 1992ರಲ್ಲಿ ಮೈನ್ಸ್‌ವೀಪರ್. ವಿಂಡೋಸ್ 8ರಲ್ಲಿ ಆ ಹಳೆಯ ರೂಪ ಹೋಯಿತು. ಈಗಿನವು ಸ್ಟೋರಿನ ಆಟಗಳು. ನೋಡಲು ನಾಲ್ಕರಲ್ಲೂ ಇವೇ ಚೆಂದ. ಸಾಲಿಟೇರ್ ಕಲೆಕ್ಷನ್‌ನಲ್ಲಿ ಕ್ಲಾಂಡೈಕ್, ಸ್ಪೈಡರ್, ಫ್ರೀಸೆಲ್, ಪಿರಮಿಡ್, ಟ್ರೈಪೀಕ್ಸ್ ಐದೂ ಒಂದೇ ಕಡೆ ಇವೆ, ದಿನಕ್ಕೊಂದಷ್ಟು ಹೊಸ ಸವಾಲು ಬರುತ್ತವೆ.

ಆದರೆ ಜಾಹೀರಾತು ಬರುತ್ತದೆ, ಬೇಡ ಅಂದರೆ ದುಡ್ಡು ಕೊಡಬೇಕು. ಮೈಕ್ರೋಸಾಫ್ಟ್ ಅಕೌಂಟಿನಲ್ಲಿ ಸೈನ್ ಇನ್ ಆದರೆ ನಿಮ್ಮ ಆಟದ ದಾಖಲೆ ಇನ್ನೊಂದು ಕಂಪ್ಯೂಟರಿಗೂ ಬರುತ್ತದೆ, ಅದು ಒಳ್ಳೆಯದೇ. ಒಬ್ಬರೇ ಆಡುವವರು, ಕುಶಾಲನಗರದಂಥ ಕಡೆ ಫೈಬರ್ ಇರುವವರು ಇದನ್ನು ಹಾಕಿಕೊಂಡರೆ ತಪ್ಪೇನಿಲ್ಲ. ಹಂಚಿಕೊಂಡ ಕಂಪ್ಯೂಟರಿನಲ್ಲಿ ಒಂದೇ ಅಕೌಂಟಿನಲ್ಲಿ ಎಲ್ಲರೂ ಆಡಿದರೆ ಅಂಕ, ಸವಾಲು, ಗೆಲುವಿನ ಲೆಕ್ಕ ಎಲ್ಲ ಕಲಸಿಹೋಗುತ್ತದೆ. ಆ ಅಕೌಂಟ್ ಹೋಂಸ್ಟೇಯ ಮೇಲ್‌ಗೂ ಅದೇ ಆಗಿದ್ದರಂತೂ ಅತಿಥಿಗಳಿಗೆ ಆಡಲು ಕೊಡಲೇಬೇಡಿ.

ಒಂದೇ ಲಾಗಿನ್ನಾ, ಬೇರೆ ಬೇರೆನಾ?

ಯಾವ ಆಟ ಆರಿಸಿದರೂ ಕೊನೆಗೆ ಬಂದು ನಿಲ್ಲುವುದು ಇಲ್ಲಿಗೆ. ಬೇರೆ ಬೇರೆ ಲಾಗಿನ್ ಮಾಡಿದರೆ ಸೆಟ್ಟಿಂಗ್ ಜಗಳ ಮುಗಿಯುತ್ತದೆ. ಗ್ನೋಮ್, ಕೆಡಿಇ ಎರಡೂ ಲಾಗಿನ್‌ಗೆ ತಕ್ಕ ಹಾಗೆ ಸೆಟ್ಟಿಂಗ್ ಇಟ್ಟುಕೊಳ್ಳುತ್ತವೆ, ಟ್ಯಾಥಮ್‌ನ ಪ್ರಿಫರೆನ್ಸಸ್ ಕೂಡ ಹಾಗೇ. ಆದರೆ ನಮ್ಮ ಮನೆಗಳಲ್ಲಿ ಎರಡು ನಿಮಿಷ ಆಡಲು ಲಾಗೌಟ್ ಮಾಡಿ ಮತ್ತೆ ಲಾಗಿನ್ ಆಗುವಷ್ಟು ತಾಳ್ಮೆ ಯಾರಿಗಿದೆ ಹೇಳಿ. ತೋಟದ ಲೆಕ್ಕದ ಫೈಲು ತೆರೆದಿರುವಾಗ ಇನ್ನೊಬ್ಬರಿಗೆ ಲಾಗಿನ್ ಬಿಟ್ಟುಕೊಡಲು ಅಪ್ಪ ಒಪ್ಪುವುದೂ ಇಲ್ಲ.

ಹಾಗಾಗಿ ಹೀಗೆ ಮಾಡಿ ಅಂತೀನಿ. ಮನೆಮಂದಿ ಎಲ್ಲರೂ ಒಂದೇ ಲಾಗಿನ್ ಬಳಸುವ ಮನೆಗೆ ಟ್ಯಾಥಮ್ ಸಂಗ್ರಹ ಹಾಕಿ, ಮೇಲೆ ಹೇಳಿದ ಹಾಗೆ ಒಬ್ಬೊಬ್ಬರಿಗೆ ಒಂದೊಂದು ಶಾರ್ಟ್‌ಕಟ್ ಮಾಡಿ, ಸೇವ್ ಫೈಲಿಗೆ ಒಬ್ಬೊಬ್ಬರಿಗೆ ಒಂದೊಂದು ಫೋಲ್ಡರ್ ಕೊಡಿ. ಹಿರಿಯರು ದಿನಾ ಹೊತ್ತು ಹೊತ್ತಿಗೆ ಆಡುವವರಾದರೆ ಅವರೊಬ್ಬರಿಗೆ ಮಾತ್ರ ಲಿನಕ್ಸ್‌ನಲ್ಲಿ ಪ್ರತ್ಯೇಕ ಲಾಗಿನ್ ಮಾಡಿ ಗ್ನೋಮ್ ಸುಡೊಕು ಕೊಡಿ, ಅಕ್ಷರದ ಸೈಜ್ ಕೂಡ ಅವರಿಗೆ ಬೇಕಾದ ಹಾಗೆ ದೊಡ್ಡದು ಮಾಡಬಹುದು. ಹೋಂಸ್ಟೇ ಅತಿಥಿಗಳಿಗೆ ನಿಮ್ಮ ಕೆಲಸದ ಲಾಗಿನ್ ಕೊಡುವುದು ಬೇಡವೇ ಬೇಡ. ಕೊಡಲೇಬೇಕಾದರೆ ಅವರಿಗಾಗಿ ಒಂದು ಖಾಲಿ ಲಾಗಿನ್, ಅದರಲ್ಲಿ ಆಟಗಳು ಮಾತ್ರ.

ಅತಿಥಿಗಳಿಗೆ ಇದಕ್ಕಿಂತ ಒಳ್ಳೆಯದು ಕಾಗದ. ಟ್ಯಾಥಮ್ ಸಂಗ್ರಹದ ವಿಂಡೋಸ್ ವರ್ಷನ್‌ನಲ್ಲಿ ‘ಗೇಮ್’ ಮೆನುವಿನಲ್ಲೇ ಪ್ರಿಂಟ್ ಇದೆ. ಈಗಿನ ಟೈಪ್‌ಗೆ ತಕ್ಕ ಹಾಗೆ ಎಷ್ಟು ಬೇಕೋ ಅಷ್ಟು ಹೊಸ ಪಝಲ್ ಹುಟ್ಟಿಸಿ, ಒಂದೇ ಹಾಳೆಯಲ್ಲಿ ಅಡ್ಡಕ್ಕೆ ಎಷ್ಟು, ಉದ್ದಕ್ಕೆ ಎಷ್ಟು ಅಂತ ಕೇಳಿ ಅಚ್ಚು ಹಾಕುತ್ತದೆ. ಉತ್ತರದ ಹಾಳೆಯೂ ಬೇಕಾದರೆ ಅದಕ್ಕೂ ಟಿಕ್ ಇದೆ. ಲಿನಕ್ಸ್‌ನ ಹಳೆ ವರ್ಷನ್‌ಗಳಲ್ಲಿ ಇದು ಮೆನುವಿನಲ್ಲಿ ಇಲ್ಲದಿರಬಹುದು, ಆಗ ಟರ್ಮಿನಲ್‌ನಲ್ಲಿ (ಕಮಾಂಡ್ ಬರೆಯುವ ಕಿಟಕಿ) ಪ್ರಿಂಟ್ ಆಯ್ಕೆ ಕೊಟ್ಟು ಪೋಸ್ಟ್‌ಸ್ಕ್ರಿಪ್ಟ್ ಅನ್ನುವ ಅಚ್ಚಿನ ಫೈಲು ತೆಗೆಯಬೇಕು. ಅಷ್ಟು ರಗಳೆ ಬೇಡ ಅನ್ನುವ ಲಿನಕ್ಸ್‌ನವರು ಗ್ನೋಮ್ ಸುಡೊಕು ತೆರೆಯಲಿ. ಅಲ್ಲಿ ಒಟ್ಟಿಗೆ ಹಲವು ಸುಡೊಕು ಪ್ರಿಂಟ್ ಮಾಡುವ ಆಯ್ಕೆ ಮೆನುವಿನಲ್ಲೇ ಇದೆ. ಅಬ್ಬಿ ಫಾಲ್ಸ್ ನೋಡಲು ಬಂದು ಮಳೆಗೆ ಸಿಕ್ಕಿ ರೂಮಿನಲ್ಲೇ ಕೂತವರ ಕೈಗೆ ನಾಲ್ಕು ಹಾಳೆ, ಒಂದು ಪೆನ್ಸಿಲ್ ಕೊಟ್ಟರೆ ಕಾಫಿ ಎರಡು ಸಲ ಕೇಳುತ್ತಾರೆ.

ಮೇ ತಿಂಗಳಲ್ಲೇ ಮಾಡಿಡಬೇಕಾದ ಕೆಲಸ ಒಂದಿಷ್ಟು ಇದೆ. ಟ್ಯಾಥಮ್ ಸಂಗ್ರಹ ವಿಂಡೋಸ್‌ಗೆ ಇನ್‌ಸ್ಟಾಲರ್ ಆಗಿಯೂ ಸಿಗುತ್ತದೆ, ಜಿಪ್ ಆಗಿಯೂ ಸಿಗುತ್ತದೆ. ಜಿಪ್ ಇಳಿಸಿ ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಳ್ಳಿ. ಡೆಬಿಯನ್, ಉಬುಂಟು ಲಿನಕ್ಸ್‌ಗಳಲ್ಲಿ ಎಸ್‌ಜಿಟಿ-ಪಝಲ್ಸ್ ಅನ್ನುವ ಪ್ಯಾಕೇಜ್ ಹೆಸರಿನಲ್ಲಿ ಸಿಗುತ್ತದೆ, ಆದರೆ ಅಲ್ಲಿನ ವರ್ಷನ್ ಸ್ವಲ್ಪ ಹಳೆಯದಾಗಿರಬಹುದು. ಪ್ರಿಂಟರ್ ಇಂಕ್ ನೋಡಿಕೊಳ್ಳಿ, ನಾಲ್ಕು ಹಾಳೆ ಮೊದಲೇ ತೆಗೆದಿಡಿ. ಸೀಡ್ ಹೇಳಿ ಆಡುವ ನೆಂಟರಿದ್ದರೆ ಅವರಿಗೂ ನಿಮಗೂ ವರ್ಷನ್ ಒಂದೇ ಇದೆಯಾ ಅಂತ ಹೆಲ್ಪ್ ಮೆನುವಿನ ‘ಅಬೌಟ್’ ತೆರೆದು ಫೋನಿನಲ್ಲೇ ಹೊಂದಿಸಿಕೊಳ್ಳಿ. ಇಲ್ಲದಿದ್ದರೆ ನಿಮ್ಮ ಪೆನ್‌ಡ್ರೈವ್‌ನ ಜಿಪ್ಪನ್ನೇ ಅವರಿಗೂ ಕೊಟ್ಟುಬಿಡಿ.